ಕಡಲಿನಿಂದೆದ್ದ ಭಸ್ಮಾಸುರ

ಗಂಗಾನಗರದ ಯಾವ ಮನೆಯಲ್ಲಾದರೂ ಹತ್ತು ವರ್ಷದ ಹುಡುಗನನ್ನು ಕರೆದು ಗಾಡ್ಜಿಲ್ಲಾ ಎಂದರೆ ಯಾರೆಂದು ಕೇಳಿದರೆ, ಅವನು ಅರೆಕ್ಷಣವೂ ತಡವರಿಸದೆ ಉತ್ತರ ಹೇಳುತ್ತಾನೆ. ಆ ಮೃಗದ ಎತ್ತರವೆಷ್ಟು, ಬಾಲದ ಬಲವೆಷ್ಟು, ಅದು ಯಾವ ಯಾವ ಮೃಗಗಳೊಡನೆ ಸೆಣಸಿ ಗೆದ್ದಿತು ಎಂಬುದೆಲ್ಲ ಅವನಿಗೆ ಮಗ್ಗಿಗಿಂತ ಚೆನ್ನಾಗಿ ಕಂಠಪಾಠವಾಗಿರುತ್ತದೆ. ಅದೇ ಮನೆಯ ಅಜ್ಜಿಗೆ ಈ ಹೆಸರು ನಾಲಗೆಗೆ ಹತ್ತುವುದೇ ಕಷ್ಟ. ಆದರೆ ಭಸ್ಮಾಸುರನ ಕಥೆಯನ್ನು ಕೇಳಿದರೆ ಅವರು ಶಿವನು ವರ ಕೊಟ್ಟುದರಿಂದ ಮೊದಲುಗೊಂಡು ಮೋಹಿನಿಯ ನೃತ್ಯದವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಮೊಮ್ಮಗನ ಮೃಗಕ್ಕೂ ಅಜ್ಜಿಯ ಅಸುರನಿಗೂ ಸಂಬಂಧವಿದೆಯೆಂಬುದು ಇಬ್ಬರಿಗೂ ಹೊಳೆಯುವುದಿಲ್ಲ. ಸಂಬಂಧವಿರುವುದು ಮಾತ್ರ ನಿಜ. ಅದು ಮೇಲುನೋಟಕ್ಕೆ ತೋರುವುದಕ್ಕಿಂತ ಬಹಳ ಹತ್ತಿರದ ಸಂಬಂಧ.

ಗಾಡ್ಜಿಲ್ಲಾ ಅಮೆರಿಕದ ಕೂಸೆಂದು ಅನೇಕರು ಭಾವಿಸಿರುವುದುಂಟು. ಹಾಲಿವುಡ್ಡಿನ ಆಡಂಬರದ ಚಿತ್ರಗಳನ್ನು ಕಂಡವರು ಹಾಗೆ ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅದರ ತವರು ಜಪಾನು. ಅದರ ನಿಜವಾದ ಹೆಸರು ‘ಗೊಜಿರಾ’. ಗೊರಿಲ್ಲಾ ಎಂಬುದಕ್ಕೆ ಜಪಾನೀಯರು ಹೇಳುವ ‘ಗೊರಿರಾ’ ಎಂಬ ಪದವನ್ನೂ, ತಿಮಿಂಗಿಲವೆಂಬ ಅರ್ಥದ ‘ಕುಜಿರಾ’ ಎಂಬ ಪದವನ್ನೂ ಹೊಸೆದು ಕಟ್ಟಿದ ಹೆಸರಿದು. ಅದೇ ಹೆಸರಿನ ಮೊದಲ ಚಿತ್ರ 1954ನೆಯ ಇಸವಿ ನವೆಂಬರ್ 3ರಂದು ಜಪಾನಿನಲ್ಲಿ ತೆರೆಕಂಡಿತು.

ಆ ವರ್ಷ ಬೆಂಗಳೂರಿನಲ್ಲಿ ವಿಧಾನಸೌಧದ ಗೋಡೆಗಳು ಮೇಲೇಳುತ್ತಿದ್ದುವು. 1951ರಲ್ಲಿ ಶಂಕುಸ್ಥಾಪನೆಯಾದ ಆ ಕಲ್ಲಿನ ಮಂದಿರ 1956ರಲ್ಲಿ ಪೂರ್ತಿಯಾಯಿತು. ಇಲ್ಲಿ ಒಂದು ನಾಡು ತನ್ನ ಶಾಸನಸಭೆಗೆಂದು ಕಲ್ಲಿನ ಮೇಲೆ ಕಲ್ಲನ್ನಿಡುತ್ತಿದ್ದ ಕಾಲದಲ್ಲಿಯೇ, ಅಲ್ಲಿ ಇನ್ನೊಂದು ನಾಡು ಟೋಕಿಯೋ ನಗರದ ಸಂಸತ್ ಭವನವನ್ನು ಐವತ್ತು ಮೀಟರ್ ಎತ್ತರದ ಮೃಗವೊಂದು ಒದೆದು ಕೆಡಹುವ ದೃಶ್ಯವನ್ನು ಬೆಳ್ಳಿತೆರೆಯ ಮೇಲೆ ನೋಡುತ್ತಿದ್ದಿತು. ಆ ಚಿತ್ರಕ್ಕೆ ಮಾರಾಟವಾದ ಟಿಕೆಟುಗಳು ಸುಮಾರು 96 ಲಕ್ಷ. ಕಷ್ಟಪಟ್ಟು ಮತ್ತೆ ಕಟ್ಟಿಕೊಂಡ ತಮ್ಮ ನಗರವೇ ನೆಲಕ್ಕುರುಳುವುದನ್ನು ನೋಡಲು ಜನ ಹಣ ಕೊಟ್ಟು ಸಾಲುಗಟ್ಟಿ ನಿಂತುದಕ್ಕೆ ಕಾರಣವೇನು? ಇದು ವಿನೋದಪ್ರಿಯತೆಯೆಂದು ಹೇಳಿ ಮುಂದೆ ಸಾಗುವುದು ಸುಲಭ. ಆದರೆ ಸುಲಭವಾದ ಉತ್ತರಗಳು ಸಾಮಾನ್ಯವಾಗಿ ಅರ್ಧ ಉತ್ತರಗಳೇ.

ಒಂಬತ್ತು ವರ್ಷಗಳ ಹಿಂದಿನ ಸಂಗತಿಗಳನ್ನು ನೆನೆದರೆ ಉಳಿದರ್ಧವು ತಿಳಿಯುತ್ತದೆ. 1945ರ ಮಾರ್ಚ್ ತಿಂಗಳಿನ ಒಂದೇ ರಾತ್ರಿಯಲ್ಲಿ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಯ ಬಾಂಬುಗಳಿಂದ ಟೋಕಿಯೋ ನಗರದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಅದೇ ವರ್ಷ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಬೂದಿಯಾದುವು. ಯುದ್ಧ ಮುಗಿದ ಮೇಲೆ 1952ರವರೆಗೆ ಜಪಾನು ಪರರ ಆಡಳಿತದಲ್ಲಿದ್ದಿತು. ಆ ಕಾಲದಲ್ಲಿ ಪರಮಾಣು ಬಾಂಬಿನ ಘೋರವನ್ನು ಕುರಿತು ಪತ್ರಿಕೆಗಳಲ್ಲಿ ಬಿಚ್ಚಿ ಬರೆಯುವುದಕ್ಕೂ ಚಿತ್ರಗಳಲ್ಲಿ ತೋರಿಸುವುದಕ್ಕೂ ಆಳುವವರ ತಡೆಯಿದ್ದಿತು. ಮನೆಯಲ್ಲಿ ಸಾವಾದಾಗ ಅಳುವುದಕ್ಕೂ ಅಪ್ಪಣೆಯಿಲ್ಲದಿದ್ದರೆ ಆ ದುಃಖ ಎಲ್ಲಿಗೆ ಹೋಗಬೇಕು? ಅದು ಒಳಗೇ ಇಳಿದು, ಕಡಲಿನ ತಳದಲ್ಲಿ ಮಲಗಿದ ಪ್ರಾಣಿಯಂತೆ ಕಾಲವನ್ನು ಕಾಯುತ್ತ ಕುಳಿತಿತು.

ಅದನ್ನು ಎಬ್ಬಿಸಿದುದು 1954ರ ಮಾರ್ಚ್ 1ನೆಯ ತಾರೀಖು. ಅಂದು ಪೆಸಿಫಿಕ್ ಸಾಗರದ ಬಿಕಿನಿ ಎಂಬ ಹವಳದ ದ್ವೀಪದಲ್ಲಿ ಅಮೆರಿಕವು ಜಲಜನಕ ಬಾಂಬೊಂದನ್ನು ಪರೀಕ್ಷಿಸಿತು. ಅದರ ಶಕ್ತಿ ವಿಜ್ಞಾನಿಗಳ ಲೆಕ್ಕಕ್ಕಿಂತ ಎರಡೂವರೆ ಪಟ್ಟು ಹೆಚ್ಚಾಯಿತು. ಹಿರೋಷಿಮಾದ ಬಾಂಬಿಗೆ ಹೋಲಿಸಿದರೆ ಸುಮಾರು ಸಾವಿರ ಪಟ್ಟು. ಅಪಾಯದ ವಲಯವೆಂದು ಸಾರಿದ್ದ ಎಲ್ಲೆಯ ಹೊರಗೆ ಜಪಾನಿನ ಒಂದು ಮೀನುಗಾರಿಕೆಯ ಹಡಗು ತನ್ನ ಕೆಲಸದಲ್ಲಿ ತೊಡಗಿದ್ದಿತು. ‘ದೈಗೊ ಫುಕುರ್ಯು ಮಾರು’ ಎಂಬುದು ಅದರ ಹೆಸರು; ಅದೃಷ್ಟದ ನಾಗ ಎಂದು ಅದರ ಭಾವಾರ್ಥ. ಹಡಗಿನಲ್ಲಿದ್ದ 23 ಮಂದಿ ಬೆಳಗಿನ ಜಾವದಲ್ಲಿ ಪಶ್ಚಿಮ ದಿಕ್ಕಿನಲ್ಲಿ ಸೂರ್ಯನೊಬ್ಬನು ಹುಟ್ಟಿದಂತಹ ಬೆಳಕನ್ನು ಕಂಡರು. ಕೆಲವು ಗಂಟೆಗಳು ಕಳೆದ ಮೇಲೆ ಆಕಾಶದಿಂದ ಬಿಳಿಯ ಪುಡಿ ಮಂಜಿನಂತೆ ಉದುರತೊಡಗಿತು. ಅದು ಸುಟ್ಟು ಪುಡಿಯಾದ ಹವಳ. ತಲೆಯ ಮೇಲೆ, ಮೈಯ ಮೇಲೆ ಬಿದ್ದುದನ್ನು ಅವರು ಕೈಯಿಂದಲೇ ಕೊಡವಿಕೊಂಡರು. ಜಪಾನೀಯರು ಮುಂದೆ ಅದಕ್ಕೆ ‘ಸಾವಿನ ಬೂದಿ’ ಎಂದು ಹೆಸರಿಟ್ಟರು.

ಹಡಗು ಮಾರ್ಚ್ 14ರಂದು ಯೈಜು ಬಂದರಿಗೆ ಹಿಂದಿರುಗಿತು. ಅಷ್ಟರಲ್ಲಿ ನಾವಿಕರ ಚರ್ಮ ಸುಟ್ಟಿದ್ದಿತು, ಕೂದಲು ಉದುರುತ್ತಿದ್ದಿತು. ಸಂಗತಿ ಬಯಲಾಗುವ ವೇಳೆಗೆ ಅವರು ತಂದ ಮೀನಿನಲ್ಲಿ ಒಂದು ಭಾಗ ಪೇಟೆಗೂ ಹೋಗಿಬಿಟ್ಟಿದ್ದಿತು. ಮೀನೇ ದಿನದ ಊಟವಾಗಿರುವ ನಾಡಿನಲ್ಲಿ ಇದರಿಂದ ಎಂಥ ಕಳವಳ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಸೆಪ್ಟೆಂಬರ್ 23ರಂದು ಹಡಗಿನ ರೇಡಿಯೋ ಕೆಲಸಗಾರರಾಗಿದ್ದ ಐಕಿಚಿ ಕುಬೊಯಾಮಾ ತೀರಿಕೊಂಡರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಮನೆಮನೆಗೆ ಹೋಗಿ ರುಜು ಕೂಡಿಸಿದರು. ಮರುವರ್ಷದ ಹೊತ್ತಿಗೆ ದೇಶದಾದ್ಯಂತ ರುಜುಗಳ ಸಂಖ್ಯೆ 3 ಕೋಟಿಯನ್ನು ಮೀರಿತು. ಇತ್ತ ಭಾರತದಲ್ಲಿಯೂ ಈ ಸುದ್ದಿ ಕಿವಿಗೆ ಬೀಳದೆ ಹೋಗಲಿಲ್ಲ. 1954ರ ಏಪ್ರಿಲ್ 2ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ ಮಾತನಾಡಿ, ಇಂಥ ಪರೀಕ್ಷೆಗಳನ್ನು ತಡೆಹಿಡಿಯುವ ಒಪ್ಪಂದವೊಂದು ಆಗಬೇಕೆಂದು ಕರೆಯಿತ್ತರು.

ಗೊಜಿರಾ ಹುಟ್ಟಿದುದು ಈ ಬೂದಿಯಿಂದ. ತೊಹೊ ಎಂಬ ಚಿತ್ರಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕಾ ಅವರು ಇಂಡೊನೇಷ್ಯದಲ್ಲಿ ತೆಗೆಯಬೇಕೆಂದಿದ್ದ ಚಿತ್ರವೊಂದು ಮುರಿದುಬಿದ್ದು, ಅದರ ಜಾಗದಲ್ಲಿ ಬೇರೊಂದು ಚಿತ್ರಕ್ಕಾಗಿ ಹುಡುಕುತ್ತಿದ್ದರು. 1933ರ ಅಮೆರಿಕದ ‘ಕಿಂಗ್ ಕಾಂಗ್’ ಚಿತ್ರ 1952ರಲ್ಲಿ ಮತ್ತೆ ತೆರೆಗೆ ಬಂದು ಜನರನ್ನು ಸೆಳೆದಿದ್ದಿತು. ಕಡಲಿನ ಅಡಿಯಿಂದ ಬಾಂಬು ಎಬ್ಬಿಸಿದ ಮೃಗವೊಂದು ಟೋಕಿಯೋ ನಗರಕ್ಕೆ ಬಂದರೆ ಹೇಗೆ ಎಂಬ ಯೋಚನೆ ತನಾಕಾ ಅವರಿಗೆ ಬಂದಿತು. ನಿರ್ದೇಶನದ ಹೊಣೆ ಇಷಿರೊ ಹೋಂಡಾ ಅವರದಾಯಿತು. ಹೋಂಡಾ ಅವರು ಸೈನಿಕರಾಗಿ ಚೀನಾದಲ್ಲಿ ವರ್ಷಗಟ್ಟಲೆ ಕಳೆದು, ಸೆರೆಯಲ್ಲಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಮರಳುವ ದಾರಿಯಲ್ಲಿ ಹಾಳು ಹಿರೋಷಿಮಾವನ್ನು ಕಣ್ಣಾರೆ ಕಂಡವರು. ಅಂಥವರ ಕೈಗೆ ಸಿಕ್ಕಿದ ಮೃಗ ಬರಿಯ ಮೃಗವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ಗೊಜಿರಾದ ಚರ್ಮವನ್ನು ನೋಡಿದರೆ ಅದು ಹಲ್ಲಿಯ ಹುರುಪೆಯಂತಿಲ್ಲ. ಬಾಂಬಿನ ಬೇಗೆಯಿಂದ ಬದುಕುಳಿದವರ ಮೈಮೇಲೆ ಗಂಟುಗಂಟಾಗಿ ಎದ್ದ ಸುಟ್ಟಗಾಯದ ಕಲೆಗಳಂತಿದೆ. ಸುಡಲು ಬಂದ ಮೃಗವು ತಾನೂ ಸುಟ್ಟುಕೊಂಡ ಜೀವವೆಂಬುದನ್ನು ಈ ಚರ್ಮವೊಂದೇ ಸಾರುತ್ತದೆ.

ಮೃಗವನ್ನು ತೆರೆಯ ಮೇಲೆ ನಡೆಸಿದವರು ಐಜಿ ತ್ಸುಬುರಾಯಾ. ‘ಕಿಂಗ್ ಕಾಂಗ್’ ಚಿತ್ರದಲ್ಲಿ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆಯುವ ಕ್ರಮವನ್ನು ಅನುಸರಿಸಿದ್ದರು. ಅಷ್ಟು ಕಾಲವೂ ಹಣವೂ ತ್ಸುಬುರಾಯಾ ಅವರಲ್ಲಿರಲಿಲ್ಲ. ಆದುದರಿಂದ ಅವರು ಮೃಗದ ದೊಡ್ಡ ಅಂಗಿಯೊಂದನ್ನು ಮಾಡಿಸಿ ಅದರೊಳಗೆ ಮನುಷ್ಯನನ್ನು ನಿಲ್ಲಿಸಿದರು. ಅವನ ಸುತ್ತ ನಿಜದ ಇಪ್ಪತ್ತೈದರಲ್ಲೊಂದು ಭಾಗದಷ್ಟು ಸಣ್ಣ ಟೋಕಿಯೋ ನಗರವನ್ನು ಕಟ್ಟಿದರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಚಿತ್ರೀಕರಿಸಿ, ತೆರೆಯ ಮೇಲೆ ಸಾಮಾನ್ಯ ವೇಗದಲ್ಲಿ ತೋರಿಸಿದಾಗ ಆ ಮನುಷ್ಯನ ಹೆಜ್ಜೆ ಬೆಟ್ಟದ ಹೆಜ್ಜೆಯಂತೆ ನಿಧಾನವೂ ಭಾರವೂ ಆಗಿ ಕಂಡಿತು. ಮೊದಲ ಅಂಗಿಯ ತೂಕ ಸುಮಾರು 100 ಕಿಲೋಗ್ರಾಂ. ಹರುವೊ ನಕಾಜಿಮಾ ಎಂಬ ನಟರು ದೀಪಗಳ ಉರಿಯಲ್ಲಿ ಆ ಭಾರವನ್ನು ಹೊತ್ತು ಬೆವರಿನಲ್ಲಿ ತೊಯ್ದು ನಡೆದರು. 1972ರವರೆಗೂ ಆ ವೇಷವನ್ನು ಬಿಡಲಿಲ್ಲ. ಇನ್ನು ಮೃಗದ ಆ ಪ್ರಸಿದ್ಧ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರು ದೊಡ್ಡ ಪಿಟೀಲಿನಂತಹ ಮಂದ್ರವಾದ್ಯವೊಂದರ ತಂತಿಗಳನ್ನು ಸಡಿಲಿಸಿ, ರಾಳ ಬಳಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ಆ ನಾದವನ್ನು ಹೊರಡಿಸಿದರು.

ಯಕ್ಷಗಾನವನ್ನು ಬಲ್ಲ ಕನ್ನಡಿಗನಿಗೆ ಇದು ಹೊಸತಲ್ಲ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿಯಿಡುತ್ತಾನೆ. ರಾಕ್ಷಸನು ರಂಗಕ್ಕೆ ಬಂದೊಡನೆ ಮುಖ ತೋರಿಸುವುದಿಲ್ಲ. ಮೊದಲು ತೆರೆಯ ಹಿಂದಿನಿಂದ ಆರ್ಭಟ, ಚೆಂಡೆಯ ಗುಡುಗು, ದೊಂದಿಯ ಬೆಳಕು. ಕಾದು ಕಾದು ಸಾಕಾದ ಮೇಲೆ ಕಿರೀಟದ ತುದಿ. ಕಡೆಗೆ ಆ ಭೀಕರ ಮುಖ. ಗೊಜಿರಾ ಕೂಡ ಹಾಗೆಯೇ ಬರುತ್ತದೆ. ಚಿತ್ರದ ಹೆಸರು ಮೂಡುವ ಕತ್ತಲೆಯಲ್ಲಿ ಮೊದಲು ಹೆಜ್ಜೆಯ ಸದ್ದು, ಬಳಿಕ ಕೂಗು. ಮುಖ ಕಾಣುವುದು ಎಷ್ಟೋ ಹೊತ್ತಾದ ಮೇಲೆ, ಗುಡ್ಡದ ಹಿಂದಿನಿಂದ. ವೇಷದೊಳಗೊಬ್ಬ ಮನುಷ್ಯನಿದ್ದಾನೆಂಬುದು ಎರಡು ಕಡೆಯ ಪ್ರೇಕ್ಷಕರಿಗೂ ತಿಳಿದ ವಿಷಯ. ಆದರೂ ಭಯ ಕಡಮೆಯಾಗುವುದಿಲ್ಲ. ಒಳಗಿರುವವನು ಮನುಷ್ಯನೆಂಬುದರಿಂದಲೇ ಆ ಭಯಕ್ಕೆ ಇನ್ನೊಂದು ಅರ್ಥ ಸೇರುತ್ತದೆಂದರೂ ತಪ್ಪಾಗದು.

ಈಗ ಕಥೆಗೆ ಬರಬಹುದು. ಚಿತ್ರದ ಮೊದಲಿಗೆ ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕೊಂದು ಹೊಳೆದು ಹಡಗು ಉರಿದು ಮುಳುಗುತ್ತದೆ. ಎಂಟು ತಿಂಗಳ ಹಿಂದಿನ ಸುದ್ದಿಯನ್ನು ಮರೆಯದ ಪ್ರೇಕ್ಷಕನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೃಗವು ಟೋಕಿಯೋ ನಗರವನ್ನು ಹೊಕ್ಕ ರಾತ್ರಿ, ಕುಸಿಯುವ ಕಟ್ಟಡದ ಬುಡದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅವಚಿಕೊಂಡು, ಇನ್ನೇನು ತಂದೆಯ ಬಳಿಗೆ ಹೋಗಿಬಿಡೋಣವೆಂದು ಸಂತೈಸುತ್ತಾಳೆ. ಆ ತಂದೆ ಎಲ್ಲಿ ಸತ್ತನೆಂದು ಚಿತ್ರ ಹೇಳುವುದಿಲ್ಲ. ಅಂದಿನ ಜಪಾನಿನಲ್ಲಿ ಅದನ್ನು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಮರುದಿನ ಆಸ್ಪತ್ರೆಯ ನೆಲದ ಮೇಲೆ ಸಾಲುಸಾಲಾಗಿ ಮಲಗಿದ ಗಾಯಾಳುಗಳು, ಮಗುವಿನ ಮೈಯ ಬಳಿ ವಿಕಿರಣವನ್ನು ಅಳೆಯುವ ಯಂತ್ರ ಹಿಡಿದು ತಲೆಯಾಡಿಸುವ ವೈದ್ಯ – ಇವನ್ನು ನೋಡಿದವರು ನೋಡಿದುದು ಕಟ್ಟುಕಥೆಯನ್ನಲ್ಲ. ಒಂಬತ್ತು ವರ್ಷ ಬಾಯಿಗೆ ಬಾರದಿದ್ದುದು ಕಣ್ಣಿಗೆ ಬಂದಿತು. ಅಳಲು ಕೊನೆಗೂ ಅಪ್ಪಣೆ ಸಿಕ್ಕಿತು.

ಭಸ್ಮಾಸುರನ ನೆನಪಾಗುವುದು ಇಲ್ಲಿಯೇ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಯಾಣಕ್ಕೆ ಹೋದವರು, ಹಸಿರು ಕಾಡಿನ ನಡುವೆ ಕಾಡಿಗೆಯಂತೆ ಕಪ್ಪಾದ ಎರಡು ಶಿಲಾಶಿಖರಗಳನ್ನು ಕಂಡಿರುತ್ತಾರೆ. ಸುಮಾರು 120 ಮೀಟರ್ ಎತ್ತರದ್ದು ಭೈರವೇಶ್ವರ ಶಿಖರ. 90 ಮೀಟರಿನದು ಮೋಹಿನಿ ಶಿಖರ. ಭಸ್ಮಾಸುರನು ಸುಟ್ಟು ಬೂದಿಯಾದುದು ಇಲ್ಲಿಯೇ, ಕಲ್ಲೂ ಮಣ್ಣೂ ಕಪ್ಪಾದುದು ಆ ಬೆಂಕಿಯಿಂದಲೇ ಎಂದು ಜನ ಹೇಳುತ್ತಾರೆ. ತಲೆಯ ಮೇಲೆ ಕೈಯಿಟ್ಟರೆ ಯಾರಾದರೂ ಬೂದಿಯಾಗಬೇಕೆಂಬ ವರವನ್ನು ಅಸುರನು ಬೇಡಿದನು, ಶಿವನು ಕೊಟ್ಟನು. ವರದ ಪರೀಕ್ಷೆಗೆ ಮೊದಲು ಸಿಕ್ಕಿದವನು ಕೊಟ್ಟ ಶಿವನೇ. ಶಕ್ತಿಯನ್ನು ಕೊಡುವಾಗ ಮುಂದೇನಾದೀತೆಂದು ಯೋಚಿಸದವನು ಅದಕ್ಕೆ ತಾನೇ ಬೆಲೆ ತೆರಬೇಕೆಂಬುದು ಪುರಾಣದ ನ್ಯಾಯ. ‘ಭಸ್ಮಾಸುರ ಹಸ್ತ’ವೆಂಬ ಮಾತು ಕನ್ನಡದಲ್ಲಿ ನಿಂತುದು ಈ ನ್ಯಾಯದ ಮೇಲೆಯೇ.

ಆದರೆ ಬಿಕಿನಿಯಲ್ಲಿ ಈ ನ್ಯಾಯವೂ ಕೆಟ್ಟಿತು. ಅಲ್ಲಿ ವರ ಬೇಡಿದವರು ಒಬ್ಬರು, ಕೊಟ್ಟವರು ಒಬ್ಬರು, ಬೂದಿ ಬಿದ್ದುದು ಮಾತ್ರ ಬಡ ಮೀನುಗಾರರ ತಲೆಯ ಮೇಲೆ. ಗೊಜಿರಾ ಚಿತ್ರ ಎತ್ತುವ ಪ್ರಶ್ನೆ ಇದು. ಅದಕ್ಕೆ ಅದು ಕೊಡುವ ಉತ್ತರವೂ ವಿಚಾರಾರ್ಹವಾಗಿದೆ. ಸೇನೆಯ ತೋಪು, ವಿಮಾನ, ವಿದ್ಯುತ್ತಿನ ಬೇಲಿ ಇವುಗಳೆಲ್ಲ ಸೋತ ಮೇಲೆ ಉಳಿಯುವುದು ಸೆರಿಜಾವಾ ಎಂಬ ತರುಣ ವಿಜ್ಞಾನಿಯ ಕೈಯಲ್ಲಿರುವ ಗುಟ್ಟೊಂದೇ. ನೀರಿನಲ್ಲಿರುವ ಆಮ್ಲಜನಕವನ್ನು ಒಮ್ಮೆಗೇ ಇಲ್ಲವಾಗಿಸಿ ಅದರೊಳಗಿನ ಜೀವವನ್ನೆಲ್ಲ ಕೊಲ್ಲುವ ವಸ್ತುವನ್ನು ಅವನು ಕಂಡುಹಿಡಿದಿದ್ದಾನೆ, ಕಂಡುಹಿಡಿದು ನಡುಗಿದ್ದಾನೆ. ಒಮ್ಮೆ ಬಳಸಿದರೆ ಲೋಕದ ದೊರೆಗಳು ಅದನ್ನು ಬಿಟ್ಟಾರೆ? ಬಳಸದಿದ್ದರೆ ಕಣ್ಣೆದುರಿಗೆ ಸಾಯುವ ಮಕ್ಕಳಿಗೆ ಹೇಳುವ ಉತ್ತರವೇನು? ಕಡೆಗೆ ಸೆರಿಜಾವಾ ತನ್ನ ಕಾಗದಪತ್ರಗಳನ್ನೆಲ್ಲ ಸುಡುತ್ತಾನೆ. ಕಡಲಿನ ತಳಕ್ಕಿಳಿದು, ಮೃಗದ ಬಳಿ ತನ್ನ ಅಸ್ತ್ರವನ್ನು ಬಿಡುತ್ತಾನೆ. ಗುಟ್ಟು ತನ್ನೊಡನೆಯೇ ಅಳಿಯಲೆಂದು ಉಸಿರಿನ ಕೊಳವೆಯನ್ನು ಕೈಯಾರ ಕತ್ತರಿಸಿಕೊಳ್ಳುತ್ತಾನೆ. ಭಸ್ಮಾಸುರನು ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡುದು ಮೋಹಿನಿಗೆ ಮರುಳಾಗಿ, ಅರಿಯದೆ. ಸೆರಿಜಾವಾ ಅರಿತು ಕೈಯಿಟ್ಟುಕೊಂಡನು. ಈ ಶತಮಾನಗಳ ಅಂತರದಲ್ಲಿ ಕಥೆಯು ನಡೆದು ಬಂದ ದೂರ ಅಷ್ಟು.

ಪುರಾಣದ ಅಸುರವಧೆಗೂ ಈ ವಧೆಗೂ ಇನ್ನೊಂದು ಭೇದವುಂಟು. 1959ರಲ್ಲಿ ಬಿ. ಎಸ್. ರಂಗಾ ಅವರು ‘ಮಹಿಷಾಸುರ ಮರ್ದಿನಿ’ ಚಿತ್ರವನ್ನು ತೆಗೆದಾಗ ಮಹಿಷಾಸುರನಾದವರು ರಾಜಕುಮಾರ್. ಚಾಮುಂಡಿಬೆಟ್ಟದ ಮೇಲೆ ಕತ್ತಿಯನ್ನೂ ಹಾವನ್ನೂ ಹಿಡಿದು ನಿಂತವನು ಆ ಮಹಿಷಾಸುರನೇ. ಮೈಸೂರೆಂಬ ಹೆಸರೂ ಅವನಿಂದಲೇ ಬಂದುದು. ಅಸುರನಿಗೆ ಮಾತಿದೆ, ಹಠವಿದೆ, ದೇವಿಯ ಕೈಯಿಂದ ಸಾಯುವ ಭಾಗ್ಯವಿದೆ. ಅವನು ಸತ್ತರೆ ಲೋಕಕ್ಕೆ ಹಬ್ಬ. ಗೊಜಿರಾಗೆ ಮಾತಿಲ್ಲ. ಅದು ಸತ್ತಾಗ ಹಬ್ಬವೂ ಇಲ್ಲ. ಹಡಗಿನ ಮೇಲೆ ನಿಂತವರು ತಲೆಬಾಗಿಸುತ್ತಾರೆ. ಮುದುಕ ಪ್ರಾಗ್ಜೀವಶಾಸ್ತ್ರಜ್ಞ ಯಮಾನೆ, ಬಾಂಬಿನ ಪರೀಕ್ಷೆ ನಿಲ್ಲದಿದ್ದರೆ ಇಂಥದೇ ಇನ್ನೊಂದು ಎದ್ದೀತೆಂದು ತನ್ನಲ್ಲಿ ತಾನೇ ನುಡಿಯುತ್ತಾನೆ. ಅಸುರನು ಸತ್ತರೂ ವರ ಕೊಡುವ ಕೈ ಹಾಗೆಯೇ ಇರುವಾಗ ಹಬ್ಬಕ್ಕೆ ಎಡೆಯೆಲ್ಲಿ?

ಈ ಮಾತನ್ನು ಲೋಕವು ಪೂರ್ತಿಯಾಗಿ ಕೇಳಲಿಲ್ಲ. 1956ರಲ್ಲಿ ಚಿತ್ರವು ಅಮೆರಿಕಕ್ಕೆ ಹೋದಾಗ ಅದನ್ನು ಕತ್ತರಿಸಿ, ಅಮೆರಿಕದ ಪತ್ರಕರ್ತನ ಪಾತ್ರವೊಂದನ್ನು ನಡುವೆ ಹೊಲಿದು, ಬಾಂಬಿನ ಮಾತುಗಳಲ್ಲಿ ಬಹಳಷ್ಟನ್ನು ತೆಗೆದುಹಾಕಿದರು. ಮೂಲಚಿತ್ರವು ಅಲ್ಲಿನ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಕಂಡುದು 2004ರಲ್ಲಿ. ಜಪಾನಿನಲ್ಲಿಯೂ ಮೃಗವು ದಿನೇ ದಿನೇ ಸಾಧುವಾಯಿತು. 1961ರಲ್ಲಿ ಪತಂಗದ ರೂಪದ ಮೊತ್ರಾ ಬಂದಿತು. 1964ರ ಚಿತ್ರದಲ್ಲಿ ಮೂರು ತಲೆಯ ಗಿದೊರಾದ ಎದುರು ಗೊಜಿರಾ ಜನರ ಪಕ್ಷದಲ್ಲಿ ಕಾದಿತು. 1967ರಲ್ಲಿ ಅದಕ್ಕೊಂದು ಮರಿಯೂ ಆಯಿತು. ಅಂಗಡಿಗಳಲ್ಲಿ ಅದು ರಬ್ಬರಿನ ಆಟಿಕೆಯಾಗಿ ನಿಂತಿತು. ದುಃಖವು ಆಟಿಕೆಯಾಗುವುದನ್ನು ಕಂಡು ಮರುಗಬೇಕೋ, ಮಕ್ಕಳಾದರೂ ಹೆದರದೆ ಅದನ್ನು ಕೈಯಲ್ಲಿ ಹಿಡಿದರಲ್ಲಾ ಎಂದು ಸಮಾಧಾನಪಡಬೇಕೋ ಹೇಳುವುದು ಕಷ್ಟ.

ಆದರೂ ಕಾಲಕಾಲಕ್ಕೆ ಮೃಗಕ್ಕೆ ಹಳೆಯ ನೆನಪು ಮರಳಿದೆ. 1971ರಲ್ಲಿ ಗೊಜಿರಾದ ಎದುರಾಳಿಯಾಗಿ ಬಂದುದು ಹೆದೊರಾ. ಜಪಾನೀ ಭಾಷೆಯಲ್ಲಿ ‘ಹೆದೊರೊ’ ಎಂದರೆ ಕೊಳಕು ಕೆಸರು. ಮಿನಮಾತಾದಲ್ಲಿ ಕಾರ್ಖಾನೆಯ ಪಾದರಸ ಕಡಲಿಗೆ ಸೇರಿ, ಮೀನಿಗೆ ಸೇರಿ, ಮನುಷ್ಯರ ನರಗಳನ್ನು ಮುರಿದ ಕಾಲದ ಮೃಗವದು. ಕಾರ್ಖಾನೆಗಳ ಹೊಗೆಯನ್ನೂ ಕೊಚ್ಚೆಯನ್ನೂ ಉಂಡು ಬೆಳೆಯುತ್ತದೆ. ಬೆಂಗಳೂರಿನವರು ಇದನ್ನು ದೂರದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಬೆಳ್ಳಂದೂರು ಕೆರೆಯ ಬಿಳಿಯ ನೊರೆ ದಡವನ್ನು ಮೀರಿ ರಸ್ತೆಗೆ ಬಂದುದನ್ನೂ, 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿದುದನ್ನೂ, 2017 ಮತ್ತು 2018ರಲ್ಲಿ ಕೆರೆಯಿಂದ ಮತ್ತೆ ಹೊಗೆ ಎದ್ದುದನ್ನೂ ಊರೇ ಕಂಡಿದೆ. ನೀರಿಗೆ ಬೆಂಕಿ ಹತ್ತುವುದನ್ನು ಯಾವ ಪೌರಾಣಿಕನೂ ಇಷ್ಟು ಧೈರ್ಯವಾಗಿ ಕಲ್ಪಿಸಿರಲಾರನು. ಅಲ್ಲಿ ಅಂಗಿ ತೊಟ್ಟ ನಟನಿರಲಿಲ್ಲ. ವರ ಕೊಟ್ಟ ಕೈ ಮಾತ್ರ ಪ್ರತಿಯೊಂದು ಮನೆಯ ಬಚ್ಚಲಿನಲ್ಲಿಯೂ ಇದ್ದಿತು.

2011ರ ಮಾರ್ಚ್ 11ರ ಭೂಕಂಪ, ಸುನಾಮಿ, ಫುಕುಷಿಮಾದ ಅಣುಸ್ಥಾವರದ ದುರಂತ ಇವುಗಳಾದ ಮೇಲೆ 2016ರಲ್ಲಿ ಬಂದ ‘ಶಿನ್ ಗೊಜಿರಾ’ ಇನ್ನೊಂದು ದಿಕ್ಕಿಗೆ ಬೆರಳು ತೋರಿತು. ಅದರಲ್ಲಿ ಮೃಗವು ನಗರವನ್ನು ತುಳಿಯುತ್ತಿರುವಾಗ ಅಧಿಕಾರಿಗಳು ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗುತ್ತಿರುತ್ತಾರೆ. ಕೊನೆಯಲ್ಲಿ ಅದು ಸಾಯುವುದಿಲ್ಲ. ಹೆಪ್ಪುಗಟ್ಟಿ ಟೋಕಿಯೋದ ನಡುವೆ ನಿಲ್ಲುತ್ತದೆ, ಜನ ಅದರ ಪಕ್ಕದಲ್ಲಿಯೇ ಬದುಕಬೇಕಾಗುತ್ತದೆ. ತಕಾಷಿ ಯಮಾಜಾಕಿ ಅವರ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಯುದ್ಧಕಾಲಕ್ಕೆ ಮರಳಿತು. ಸಾಯಲೆಂದೇ ಕಳುಹಿಸಿದ ವಿಮಾನದಿಂದ ಬದುಕಿ ಬಂದ ಯೋಧನೊಬ್ಬನ ನಾಚಿಕೆ ಅದರ ವಸ್ತು. ಸೆರಿಜಾವಾ ಸಾಯುವುದರಿಂದ ಕೊಟ್ಟ ಉತ್ತರವನ್ನು ಆ ಯೋಧ ಬದುಕುವುದರಿಂದ ಕೊಡಬೇಕಾಗುತ್ತದೆ. ಆ ಚಿತ್ರಕ್ಕೆ 2024ರಲ್ಲಿ ದೃಶ್ಯ ಚಮತ್ಕಾರಕ್ಕಾಗಿ ಆಸ್ಕರ್ ಪ್ರಶಸ್ತಿ ಬಂದಿತು.

ಈ ಚಿತ್ರಗಳಲ್ಲಿ ಕೊರತೆಯೂ ಇಲ್ಲದೆ ಇಲ್ಲ. ಜಪಾನು ಉಂಡ ನೋವನ್ನು ಅವು ಮನಮುಟ್ಟುವಂತೆ ಹೇಳುತ್ತವೆ; ಜಪಾನಿನ ಸೇನೆ ಚೀನಾದಲ್ಲಿಯೂ ಕೊರಿಯಾದಲ್ಲಿಯೂ ಉಣಿಸಿದ ನೋವನ್ನು ಹೇಳುವಾಗ ಅವುಗಳ ದನಿ ತಗ್ಗುತ್ತದೆ. ಕಡಲಿನಲ್ಲಿ ಸತ್ತ ಸೈನಿಕರ ಆತ್ಮಗಳೇ ಗೊಜಿರಾ ರೂಪದಲ್ಲಿ ಮನೆಗೆ ಮರಳಿದುವೆಂದು ಅರ್ಥ ಹೇಳಿದ ವಿಮರ್ಶಕರು ಅಲ್ಲಿಯೂ ಇದ್ದಾರೆ. ತನ್ನ ಗಾಯವನ್ನು ಕಾಣುವುದು ಯಾರಿಗೂ ಸುಲಭ. ತನ್ನ ಕೈ ಯಾರ ತಲೆಯ ಮೇಲಿದ್ದಿತೆಂದು ಕಾಣುವುದು ಯಾವ ನಾಡಿಗೂ ಸುಲಭವಲ್ಲ.

ಗೊಜಿರಾಗೆ ಕಾರಣವಾದ ಆ ಮರದ ಹಡಗು, ಅದೃಷ್ಟದ ನಾಗ, ಈಗಲೂ ಉಳಿದಿದೆ. ಅದರ ಕೆಲಸ ಮುಗಿದ ಮೇಲೆ 1967ರಲ್ಲಿ ಅದನ್ನು ಟೋಕಿಯೋದ ಕಸವನ್ನು ಸುರಿಯುತ್ತಿದ್ದ ಯುಮೆನೊಶಿಮಾ ಎಂಬಲ್ಲಿ ಕೈಬಿಟ್ಟಿದ್ದರು. ಅದನ್ನು ಅಲ್ಲಿ ಕೊಳೆಯಲು ಬಿಡಬಾರದೆಂದು ನಾಗರಿಕರು ಹೋರಾಡಿದರು. 1976ರಿಂದ ಅದು ಅದೇ ಜಾಗದ ಪ್ರದರ್ಶನಾಲಯವೊಂದರಲ್ಲಿದೆ. ಉದ್ದ ಸುಮಾರು 30 ಮೀಟರ್. ಬಾಲವಿಲ್ಲ, ಬೆಂಕಿ ಉಗುಳುವುದಿಲ್ಲ, ಕೂಗುವುದೂ ಇಲ್ಲ. ಐವತ್ತು ಮೀಟರಿನ ಮೃಗವನ್ನು ಚಿತ್ರಮಂದಿರದಲ್ಲಿ ಕಂಡು ನಕ್ಕು ಬಂದವರು ಈ ಹಡಗಿನ ಮುಂದೆ ನಿಂತಾಗ ಮಾತು ನಿಲ್ಲಿಸುತ್ತಾರೆ. ಮೃಗವು ಕಲ್ಪನೆ, ಬೂದಿ ಕಲ್ಪನೆಯಲ್ಲ.